ಕೆಳಗಿನ ಗಾಳಿ

"ಇದೂ ಕುಡಿ." ಮೂಳೆ ಮುರಿದು ಸೊಟ್ಟಗೆ ಕೂಡಿದ್ದ ಎಡಗೈ ಬೆರಳುಗಳಿಂದ ಸಾವಿತ್ರಮ್ಮ ತನ್ನ ಲೋಟವನ್ನೂ ಮೈದುನನ ಮುಂದೆ ಸರಿಸಿದಳು.

ಚನ್ನಪ್ಪ ಅತ್ತಿಗೆಯ ಮುಖ ನೋಡಿದ. ಊರಲ್ಲಿ ಅವನ ಬಾಯಿಂದ ಕೊಂಚ ವಾಸನೆ ಬಂದರೂ ಊಟ ಬಡಿಸದೆ ಒಳಗೆ ಹೋಗುತ್ತಿದ್ದವಳು. ಇವತ್ತು ಬೆಳಿಗ್ಗೆಯಿಂದ ಇದು ಎರಡನೆಯ ದ್ರಾಕ್ಷಿ ತೋಟ. ರುಚಿ ನೋಡಲೆಂದು ಕೊಟ್ಟ ಒಂದು ಹನಿ ವೈನನ್ನೂ ಅವಳು ತುಟಿಗೆ ತಾಗಿಸಿರಲಿಲ್ಲ. ಎಲ್ಲವೂ ಅವನ ಹೊಟ್ಟೆ ಸೇರಿತ್ತು.

"ಸಾಕು ಅತ್ಗೆ. ತಲೆ ತಿರುಗ್ತೈತೆ."

"ಜಾರ್ಜಿಯಾಕ್ಕೆ ಇನ್ನೊಂದ್ಸಲ ಬತ್ತೀವಾ? ಕುಡಿ."

ಅವನು ಕುಡಿದ. ಗುಡ್ಡದವರೆಗೂ ಹಬ್ಬಿದ ಬಳ್ಳಿಗಳ ಸಾಲು ನೋಡುತ್ತಾ, "ಅಣ್ಣ ಇದ್ದಿದ್ರೆ ಇದನ್ನೆಲ್ಲ ನೋಡೋನು," ಎಂದ.

"ನಿಮ್ಮಣ್ಣ ಇದ್ದಿದ್ರೆ ನಾನಿಲ್ಲಿಗೆ ಬತ್ತಿದ್ನಾ?"

ಅರಸೀಕೆರೆಯ ಟ್ರಾವೆಲ್ಸ್‌ನವರು ತೆಂಗು ಬೆಳೆಗಾರರನ್ನು ಸೇರಿಸಿ ಹೊರಡಿಸಿದ ಪ್ರವಾಸ ಅದು. ಜಾವಗಲ್‌ನಿಂದ ಇವರಿಬ್ಬರೇ. ಚನ್ನಪ್ಪನಿಗೆ ಬರುವ ಮನಸ್ಸಿರಲಿಲ್ಲ. ಜೊತೆಗೊಬ್ಬ ಗಂಡಸು ಬೇಕೆಂದು ಹಟ ಹಿಡಿದು, ಬೇಲೂರಿಗೆ ಕರೆದೊಯ್ದು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದವಳು ಸಾವಿತ್ರಮ್ಮನೇ.

ಅದಕ್ಕೆ ಕಾರಣವಿತ್ತು. ಈ ವರ್ಷ ಗಂಡ ಗಂಗಾಧರಪ್ಪನ ತಿಥಿಯ ದಿನ, ಊಟದ ಎಲೆ ತೆಗೆದ ಮೇಲೆ, ಜಗಲಿಯಲ್ಲಿ ಕೂತ ಚನ್ನಪ್ಪ ಇದ್ದಕ್ಕಿದ್ದಂತೆ ಅಂದಿದ್ದ: "ಅಣ್ಣ ತಾನಾಗೇ ಸಾಯ್ಲಿಲ್ಲ ಕಣತ್ಗೆ." ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಗಂಗಾಧರಪ್ಪ ಸತ್ತದ್ದು ಹಿತ್ತಿಲ ಹಗೇವಿನಲ್ಲಿ. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಆ ಗುಂಡಿಯ ಬಾಯಿ ತೆಗೆದಾಗ, ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಇಳಿದವನು ಮೇಲೆ ಬರುವುದಿಲ್ಲ. ಗಂಗಾಧರಪ್ಪ ಇಳಿದ. ಬರಲಿಲ್ಲ. ತಾನು ತೆಂಗಿನ ತೋಟದಲ್ಲಿದ್ದೆ ಎಂದು ಚನ್ನಪ್ಪ ಪೊಲೀಸರಿಗೆ ಹೇಳಿದ. ಆದರೆ ಅವನ ಚಪ್ಪಲಿ ಹಿತ್ತಿಲ ಬಾಗಿಲಲ್ಲಿ ಬಿದ್ದಿದ್ದನ್ನು ಸಾವಿತ್ರಮ್ಮ ಕಂಡಿದ್ದಳು. ಯಾರ ಕಣ್ಣಿಗೂ ಬೀಳದ ಹಾಗೆ ಎತ್ತಿಟ್ಟಿದ್ದಳು. ಆಮೇಲೆ ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಅವನಿಗೆ ಅನ್ನ ಬಡಿಸಿದ್ದಳು.

ಮೂರನೆಯ ತೋಟ ತಲುಪಿದಾಗ ಚನ್ನಪ್ಪ ಬಸ್ಸಿನ ಸೀಟಿಗೊರಗಿ ಗೊರಕೆ ಹೊಡೆಯುತ್ತಿದ್ದ. ಸಾವಿತ್ರಮ್ಮ ಅವನನ್ನು ಅಲ್ಲೇ ಬಿಟ್ಟು ಉಳಿದವರ ಜೊತೆ ನೆಲಮಾಳಿಗೆಯತ್ತ ನಡೆದಳು. ದ್ರಾಕ್ಷಿ ಕೊಯ್ಲಿನ ಕಾಲ. ಕೆಳಗೆ, ನೆಲದಲ್ಲಿ ಕತ್ತಿನವರೆಗೆ ಹೂತಿದ್ದ ದೊಡ್ಡ ಮಣ್ಣಿನ ಗುಡಾಣಗಳಲ್ಲಿ ರಸ ಹುದುಗುತ್ತಾ ಗುಳುಗುಳು ಎನ್ನುತ್ತಿತ್ತು. ತೋಟದ ಯಜಮಾನಿ ಎಲ್ಲರನ್ನೂ ಮೇಲಿನ ಮೆಟ್ಟಿಲಲ್ಲೇ ತಡೆದು, ಕೋಲಿನ ತುದಿಗೆ ಸಿಕ್ಕಿಸಿದ ಮೇಣದಬತ್ತಿಯನ್ನು ಕೆಳಕ್ಕೆ ಚಾಚಿದಳು. ಜ್ವಾಲೆ ಕುಗ್ಗಿ ಆರಿಹೋಯಿತು.

ಪ್ರವಾಸದ ಗುಂಪಿನಲ್ಲಿದ್ದ ಹಳೇಬೀಡಿನ ಹೈಸ್ಕೂಲ್ ಟೀಚರ್ ಶಿಲ್ಪಶ್ರೀ ಯಜಮಾನಿಯ ಇಂಗ್ಲಿಷನ್ನು ಕನ್ನಡಕ್ಕೆ ತಂದಳು. "ಫ್ಯಾನ್ ಕೆಟ್ಟಿದೆಯಂತೆ. ಅದು ಸರಿಹೋಗೋವರೆಗೂ ಯಾರೂ ಇಳೀಬಾರ್ದಂತೆ. ಇಳಿದ್ರೆ ಎರಡು ಉಸಿರಿಗೇ ಬಿದ್ದುಬಿಡ್ತಾರಂತೆ ಸಾವಿತ್ರಮ್ಮೋರೇ!"

"ನಮ್ಮ ಕಡೇನೂ ಹಂಗೇ ಕಣಮ್ಮ," ಎಂದಳು ಸಾವಿತ್ರಮ್ಮ.

ಯಜಮಾನಿ ಬಾಗಿಲಿಗೆ ಅಗುಳಿ ಹಾಕಿ ಎಲ್ಲರನ್ನೂ ಊಟದ ಚಪ್ಪರಕ್ಕೆ ಕರೆದೊಯ್ದಳು. ಸಾವಿತ್ರಮ್ಮ ಮಾತ್ರ ಬಸ್ಸಿಗೆ ಮರಳಿ ಮೈದುನನನ್ನು ಎಬ್ಬಿಸಿದಳು. ತೋಳು ಹಿಡಿದು ನಡೆಸಿಕೊಂಡು ಬಂದು, ನೆಲಮಾಳಿಗೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಕೈಗೆ ಇನ್ನೊಂದು ಲೋಟ ಕೊಟ್ಟಳು. ಸುತ್ತ ಯಾರೂ ಇರಲಿಲ್ಲ.

"ಅವತ್ತು ನೀನು ತೋಟದಲ್ಲಿರ್ಲಿಲ್ಲ ಚನ್ನಪ್ಪ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ಆ ಮಾತು ಬ್ಯಾಡ ಅತ್ಗೆ."

"ಹಿತ್ತಿಲಲ್ಲಿದ್ದೆ."

ಅವನು "ಹೂಂ" ಎಂದ.

"ಏನ್ ಮಾಡ್ದೆ?"

"ಏನೂ ಮಾಡ್ಲಿಲ್ಲ. ಸುಮ್ಕೆ ನಿಂತಿದ್ದೆ." ಅವನು ಬಿಕ್ಕತೊಡಗಿದ. ಅವಳು ಅವನ ಬೆನ್ನು ಸವರುತ್ತಾ ಕಾದಳು. "ಹುಲ್ಲಿನ ಮೆದೆ ಹಿಂದಿದ್ದೆ ಅತ್ಗೆ. ನೀವು ಇಳಿಬಿಟ್ಟ ದೀಪ ಆರ್ಕೊಂಡು ಮೇಲ್ಬಂತು. ಅದನ್ನ ಇನ್ನೊಂದ್ಸಲ ಹಚ್ಚಿ, ಅಣ್ಣನ್ನ ಕೂಗಿದ್ರಿ. ಉರೀತೈತೆ, ಇಳೀರಿ ಅಂದ್ರಿ."

ಸವರುತ್ತಿದ್ದ ಕೈ ನಿಂತಿತು.

"ಅಣ್ಣ ನಿಮ್ಗೆ ಕೊಟ್ಟ ಹಿಂಸೆ ಕಂಡಿದ್ದೆ. ಅದಕ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಈಗ ತಡ್ಕಳಕ್ಕಾಗ್ತಿಲ್ಲ. ಊರಿಗೋದ್ಮೇಲೆ ಯಾರತ್ರನಾದ್ರೂ ಹೇಳ್ಕಬೇಕು."

ಚಪ್ಪರದ ಕಡೆಯಿಂದ ನಗು ಕೇಳಿಸಿತು. ಸಾವಿತ್ರಮ್ಮ ಸೆರಗಿನಿಂದ ಅವನ ಕಣ್ಣೊರೆಸಿದಳು. ಎದ್ದು ಹೋಗಿ ನೆಲಮಾಳಿಗೆಯ ಅಗುಳಿ ಸರಿಸಿದಳು.

"ಆಯ್ತು, ಹೇಳುವಂತೆ," ಎಂದಳು. "ನನ್ನ ಶಾಲು ಕೆಳಗೇ ಬಿಟ್ಬಂದಿದೀನಿ, ತಂದ್ಕೊಡು ಚನ್ನಪ್ಪ. ಮೆಟ್ಲು ನೋಡ್ಕೊಂಡು ಇಳಿ."