ಎತ್ತಿ ಹಿಡಿದ ಫೋನು

ಸೆಮಿನಾರ್ ಕೊಡುತ್ತಿದ್ದ ಕ್ಲಾಸಿನ ಮಾತಿನಮಲ್ಲ ಒಮ್ಮೆ ತಡವರಿಸಿದ್ದೇ ತಡ, ಹಿಂದಿನ ಬೆಂಚಿನ ಹುಡುಗಿ ಫೋನನ್ನು ನೇರ ಅವನ ಮುಖಕ್ಕೆ ಎತ್ತಿ ಹಿಡಿದಳು. ಹೋದ ತಿಂಗಳು ಇದೇ ಜಾಗದಲ್ಲಿ ಅವಳು ಉಗ್ಗಿದ್ದನ್ನು ಕದ್ದು ಚಿತ್ರೀಕರಿಸಿ, ಸ್ಟಿಕ್ಕರ್ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದ ಪುಣ್ಯಾತ್ಮ ಇವನೇ. ಈಗಲೂ ಯಾರಾದರೂ ಉತ್ತರಿಸಲು ತಡಮಾಡಿದರೆ ಗ್ರೂಪಿನಲ್ಲಿ ಅವಳ ಬಾಯ್ತೆರೆದ ಮುಖವೇ ಬಂದು ಬೀಳುತ್ತದೆ.

ಫೋನು ಕಂಡದ್ದೇ ಅವನು ಹಣೆ ಒರೆಸಿಕೊಂಡ, ನೀರು ಕುಡಿದ, ಗೊತ್ತಿದ್ದದ್ದೂ ಮರೆತು ಅರ್ಧಕ್ಕೇ ಇಳಿದು ಬಂದ. ಅವಳ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

“ದಮ್ಮಯ್ಯ ಕಣೇ, ಗ್ರೂಪಿಗೆ ಹಾಕ್ಬೇಡ. ಡಿಲೀಟ್ ಮಾಡ್ಬಿಡು,” ಎಂದು ಬಾಗಿಲ ಬಳಿ ಕೈಮುಗಿದ.

“ನೋ... ನೋ... ನೋಡೋಣ,” ಎಂದಳು, ಚೂರೂ ನಾಚದೆ. ಬೆಳಗ್ಗೆಯೇ ಚಾರ್ಜ್ ಮುಗಿದು ಆಫ್ ಆಗಿದ್ದ ಫೋನನ್ನು ಜೋಪಾನವಾಗಿ ಬ್ಯಾಗಿಗೆ ಇಳಿಸಿದಳು.