ಊರತಾಯಿಯ ಪಾತ್ರ

ಗುಡ್ಡಕ್ಕೆ ಗಾಡಿಗಳು ಹತ್ತುತ್ತಿವೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರೊಟ್ಟಿ ಬಡಿಯುತ್ತಿದ್ದ ಗಾಳೆಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ತನ್ನನ್ನು ಬಿಟ್ಟು ಶೂಟಿಂಗ್ ಶುರು ಮಾಡಿಬಿಟ್ಟರಲ್ಲ. ಹಂಚಿನ ಮೇಲಿನ ರೊಟ್ಟಿ ಸೀದರೆ ಸೀಯಲಿ.

"ಬಸಕ್ಕ ಎಲ್ಲಿ ಅದಾಳ್ರಿ?"

"ಆಕಿನೂ ಈಗ ಗುಡ್ಡದ ಕಡಿಗೇ ಓಡಿದ್ಲು," ಎಂದ ಗಂಡ ರಾಯಣ್ಣ, ಬೀಡಿ ಹಚ್ಚುತ್ತ. "ನೀ ಎಲ್ಲಿಗೆ ಹೊಂಟಿ? ಮೊದಲು ಒಂದು ರೊಟ್ಟಿ ಹಾಕು."

ಗಾಳೆಮ್ಮನಿಗೆ ಅಷ್ಟು ಸಾಕಾಯಿತು. ಪಾತ್ರ ಪಕ್ಕದ ಮನೆಯ ಬಸಕ್ಕನ ಪಾಲಾಗಿದೆ. ಆ ಸಿನಿಮಾದ ಮನೋಹರನಿಗೆ ಅವಳು ಗಿಣ್ಣ ಮಾಡಿಕೊಟ್ಟಾಗಲೇ ಅನುಮಾನ ಬಂದಿತ್ತು. ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟೇಬಿಟ್ಟಳು.

ಸಂಡೂರಿನ ಬೆಟ್ಟಸಾಲಿನ ಕೊನೆಗೆ ಹುಣಸೆಬಂಡೆ ಎಂಬ ಆ ಊರಿತ್ತು. ಊರಿನ ನಾಟಕಕ್ಕೆ ಹೆಣ್ಣು ಪಾತ್ರ ಬೇಕಾದರೆ ಹೊಸಪೇಟೆಯಿಂದಲೋ ಕಂಪ್ಲಿಯಿಂದಲೋ ನಟಿಯರನ್ನು ಕರೆಸುತ್ತಿದ್ದರು. ಊರ ಹೆಣ್ಣುಮಕ್ಕಳು ಸ್ಟೇಜು ಹತ್ತಿದರೆ ಮರ್ಯಾದೆ ಹೋಗುತ್ತದಂತೆ. ಗಾಳೆಮ್ಮನಿಗೋ ಪ್ರತಿ ನಾಟಕದ ಪ್ರತಿ ಮಾತೂ ಬಾಯಿಪಾಠ. ಎಮ್ಮೆ ಮುಂದೆ, ಒಲೆ ಮುಂದೆ ರಾಣಿಯಾಗಿ ಅತ್ತದ್ದೇ ಬಂತು. ನಲವತ್ತೈದು ದಾಟಿತು, ಆಸೆ ಮಾತ್ರ ಹಾಗೇ ಉಳಿಯಿತು.

ಅಂಥ ಊರಿಗೆ ಆರು ತಿಂಗಳ ಹಿಂದೆ ಮನೋಹರ್ ಬಂದ. ಅಣೆಕಟ್ಟು ಕಟ್ಟುವ ಕಾಲದ ಒಂದು ಹೆಸರುವಾಸಿ ಕಾದಂಬರಿಯನ್ನು ಸಿನಿಮಾ ಮಾಡುತ್ತಾರಂತೆ, ಅದಕ್ಕೆ ಪಾತ್ರಧಾರಿಗಳು ಬೇಕಂತೆ. ದುಡ್ಡು ಹಾಕುವವರು ಹೊಸಪೇಟೆಯ ಸಾಹುಕಾರರು. ನಿನ್ನೆ ಸೈಕಲ್ಲು ತುಳಿದವರು ಇವತ್ತು ಹೆಲಿಕಾಪ್ಟರಿನ ಮಾತಾಡುವ ಕಾಲ. ಅವರಲ್ಲೊಬ್ಬರು ಸಿನಿಮಾ ತೆಗೆಯುತ್ತಾರೆಂದರೆ ಯಾರೂ ಹುಬ್ಬೇರಿಸಲಿಲ್ಲ.

ಬಸ್ಸು ಹಿಡಿದು ಬಂದ ನಾಟಕದ ನಟಿಯರನ್ನು ಮನೋಹರ್ ನೀರೂ ಕೇಳದೆ ವಾಪಸು ಕಳಿಸಿದ. "ಬಣ್ಣ ಹಚ್ಚಿದವರು ಬೇಡ. ಈ ಗುಡ್ಡದ ಸುತ್ತಲಿನ ಜನವೇ ಬೇಕು," ಎಂದ. ಗಾಳೆಮ್ಮನ ಎದೆ ಅರಳಿತು.

"ನಿಮ್ಮ ಬಾಯಿ ಗಟ್ಟಿ ಅಂತ ಕೇಳಿದ್ದೀನಮ್ಮಾ. ಊರ ಪರವಾಗಿ ಮಾತಾಡೋ ಊರತಾಯಿ ಪಾತ್ರಕ್ಕೆ ನೀವೇ ಸರಿ ಅನ್ಸುತ್ತೆ," ಎಂದ.

ಬಾಯಿ ಗಟ್ಟಿಯೇ. ಆಡು ಮೇಯುವ, ನೀರಿನ ಒರತೆಯಿರುವ ಆ ಒಂದೇ ಗುಡ್ಡವನ್ನು ಕೇಳಿಕೊಂಡು ಎರಡು ವರ್ಷದ ಹಿಂದೆ ಗಣಿಯವರು ಬಂದಾಗ ಊರ ಅಗಸಿಯಲ್ಲೇ ನಿಲ್ಲಿಸಿ ವಾಪಸು ಅಟ್ಟಿದವಳು ಅವಳೇ.

ಆದರೆ ಕೈಗೆ ಕೊಟ್ಟ ಮಾತುಗಳನ್ನು ಓದಿ ಗಾಳೆಮ್ಮನಿಗೆ ಕಸಿವಿಸಿಯಾಯಿತು. ಆ ಕಾದಂಬರಿ ರೇಡಿಯೋದಲ್ಲಿ ನಾಟಕವಾಗಿ ಬಂದಾಗ ಹತ್ತಿ ಬಿಡಿಸುವುದನ್ನೂ ಬಿಟ್ಟು ಕೇಳಿದ್ದಳು.

"ಸರ, ಅಣೆಕಟ್ಟಿನ ಕಲ್ಲಿಗೆ ಗುಡ್ಡ ಕೇಳಾಕ ಸಾಹೇಬ್ರು ಬರ್ತಾರ, ಖರೆ. ಆದ್ರ ಕಥಿಯೊಳಗ ಊರತಾಯಿ ಕೊಡಂಗಿಲ್ಲಲ್ರಿ?"

ಮನೋಹರ್ ನಕ್ಕ. "ಕಾದಂಬರಿ ಬೇರೆ, ಸಿನಿಮಾ ಬೇರೆ ಅಮ್ಮಾ. ಅತ್ಕೊಂಡು ಗುಡ್ಡ ಕೊಟ್ಟರೆ ನೋಡೋರ ಕರುಳು ಕಿತ್ತು ಬರುತ್ತೆ. ನಿಮಗೆ ಬೇಡ ಅಂದ್ರೆ ಹೇಳಿ, ಬಸಕ್ಕ ಇದ್ದಾರೆ."

"ಬ್ಯಾಡ ಅಂತ ಯಾರು ಅಂದ್ರು?" ಎಂದಳು ಗಾಳೆಮ್ಮ.

ಕೊನೆಯ ಪರೀಕ್ಷೆ ಕಣದಲ್ಲಿ ಶಾಮಿಯಾನದ ಕೆಳಗೆ ನಡೆಯಿತು. ಮನೋಹರನ ಕಟ್ಟಪ್ಪಣೆ ಇಷ್ಟು: ಎಲ್ಲ ಸಹಜವಾಗಿರಬೇಕು, ಕ್ಯಾಮೆರಾ ಕಡೆ ನೋಡಬಾರದು, ಸಿನಿಮಾದ ಮಾತೆತ್ತಿದವರಿಗೆ ಪಾತ್ರವಿಲ್ಲ. ಹಳೇ ಕಾಲದ ಬಟ್ಟೆಯೂ ಬೇಡವಂತೆ. ಮೇಜಿನ ಹಿಂದೆ ಸಾಹೇಬರ ಪಾತ್ರದ ಮೂವರು ಕುಳಿತಿದ್ದರು. ಒಬ್ಬ ಇಂಗ್ಲಿಷಿನಲ್ಲಿ ಏನೋ ಗೊಣಗಿಕೊಂಡು ಓದಿದ. ಅವರಿಗೆ ನಟನೆಯ ಗಂಧವೇ ಇರಲಿಲ್ಲ, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು.

ಒಬ್ಬೊಬ್ಬರೇ ಎದ್ದು ಹೆಸರು, ಊರು ಹೇಳಿ ಒಂದೊಂದು ಮಾತಾಡಿದರು. ಬಸಕ್ಕ ಮಾತು ಮರೆತು ತೊದಲಿ ಕುಳಿತಳು. ಆಮೇಲೆ ಗಾಳೆಮ್ಮ ಎದ್ದಳು.

"ಈ ಗುಡ್ಡ ನಮ್ಮನ್ನ ಸಾಕೇತ್ರಿ. ಕೊಡಾಕ ಕರುಳು ಚುರ್ ಅಂತೈತಿ. ಆದ್ರ ನಾಡಿಗೆ ಒಳ್ಳೇದಾಗ್ತದಂದ್ರ ತಗೊಳ್ರಿ, ನಮ್ಮದೇನೂ ತಕರಾರಿಲ್ಲ."

ಇಷ್ಟು ವರ್ಷ ಒಲೆ ಮುಂದೆ ಸುರಿಸಿದ ಕಣ್ಣೀರೆಲ್ಲ ಅವತ್ತು ಸರಿಯಾದ ಜಾಗದಲ್ಲಿ ಹರಿಯಿತು. ನಡುವೆ ಕುಳಿತಿದ್ದ ಬೊಕ್ಕತಲೆಯ ಸಾಹೇಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇವನಿಗೆ ಅಷ್ಟಾದರೂ ನಟನೆ ಬಂತಲ್ಲ ಎಂದುಕೊಂಡಳು ಗಾಳೆಮ್ಮ. ಆಯ್ಕೆಯಾದವರಿಗೆ ಶೂಟಿಂಗ್ ದಿನ ಹೇಳಿ ಕಳಿಸುತ್ತೇವೆಂದು ಹೋದ ಮನೋಹರ್ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈಗ ನೋಡಿದರೆ ಇದು.

ಗಾಳೆಮ್ಮ ಏದುಸಿರು ಬಿಡುತ್ತ ಮೇಲೆ ಬಂದಾಗ ಕೆಂಧೂಳಿನಲ್ಲಿ ಊರ ಜನ ಗುಂಪುಗೂಡಿದ್ದರು. ಹಳದಿ ಯಂತ್ರವೊಂದು ಬಾಯಿ ತೆರೆದು ನಿಂತಿತ್ತು. ಅದರೆದುರು ಬಸಕ್ಕ ತಲೆ ಕೆದರಿಕೊಂಡು, ಮಣ್ಣಲ್ಲಿ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಳು.

"ನನ್ನ ಮ್ಯಾಲೆ ಹಾಯಿಸ್ಕೊಂಡು ಹೋಗ್ರಿ. ಗುಡ್ಡ ಮಾತ್ರ ಕೊಡಂಗಿಲ್ಲ."

ಗಾಳೆಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಕಾದಂಬರಿಯಲ್ಲಿದ್ದ ನಿಜವಾದ ಮಾತು ಇವಳಿಗೆ ಕೊಟ್ಟಿದ್ದಾರೆ. ಅವತ್ತು ತೊದಲಿದವಳು ಇವತ್ತು ಎಷ್ಟು ಚೆನ್ನಾಗಿ ಅಳುತ್ತಿದ್ದಾಳೆ, ಹಾಳಾದವಳು. ಕ್ಯಾಮೆರಾ ಎಲ್ಲಿ ಬಚ್ಚಿಟ್ಟಿದ್ದಾರೋ ಕಾಣಲಿಲ್ಲ. ಜೀಪಿನ ಪಕ್ಕ ಬೊಕ್ಕತಲೆಯ ಸಾಹೇಬ ಮಾತ್ರ ಕಂಡ. ನೇರ ಅವನ ಮುಂದೆ ಹೋಗಿ ನಿಂತಳು.

"ನೀವರ ನ್ಯಾಯ ಹೇಳ್ರಿ. ಅವತ್ತು ಕಣದಾಗ ಎಲ್ಲಾರಗಿಂತ ಚಲೋ ಮಾತಾಡಿದಾಕಿ ನಾನಲ್ಲೇನ್ರಿ?"

ಗುರುತು ಹಿಡಿದ ಸಾಹೇಬನ ಮುಖ ಹಗುರಾಯಿತು. ಅವನು ಅವಳಿಗೆ ಕೈಮುಗಿದು, ಜನರ ಕಡೆ ತಿರುಗಿದ.

"ನೋಡಿ, ಈ ತಾಯೀನೇ ಬಂದರು. ಗಣಿಗೆ ಅನುಮತಿ ಕೊಡೋ ಮುಂಚೆ ಊರವರ ಅಭಿಪ್ರಾಯ ಕೇಳಲೇಬೇಕು ಅಂತ ಕಾನೂನಿದೆ, ಅದಕ್ಕೇ ಅವತ್ತು ಕಣದಲ್ಲಿ ಸಭೆ ಮಾಡಿದ್ದು. ಈ ತಾಯಿ ಹಾಗೆ ಅತ್ತು ಒಪ್ಪಿಗೆ ಕೊಡದೇ ಇದ್ದಿದ್ದರೆ, ದೇವರಾಣೆಗೂ ನಾನು ಸಹಿ ಹಾಕ್ತಿರಲಿಲ್ಲ."