ಸ್ಕೇರಿ ಆಂಟಿ

ಸ್ಟೋವ್ ಸಿಡಿದು ಅರ್ಧ ಮುಖ ಸುಟ್ಟುಹೋಗಿದ್ದ ತಂಗೆವ್ವ ಇಂಗ್ಲಿಷ್ ಶಾಲೆಯೊಂದರಲ್ಲಿ ಆಯಾ ಆಗಿದ್ದಳು. ಮಕ್ಕಳು ಅವಳನ್ನು ‘ಸ್ಕೇರಿ ಆಂಟಿ’ ಎನ್ನುತ್ತಿದ್ದರು.

“ಸ್ಕೇರಿ ಅಂದ್ರ ಏನವಾ?” ಎಂದು ಅದೇ ಶಾಲೆಯಲ್ಲಿ ಓದುತ್ತಿದ್ದ ಮಗಳನ್ನು ಕೇಳಿದಳು.

“ಭಾಳ ಅಕ್ಕರೆ ಮಾಡಾಕಿ ಅಂತ, ಯವ್ವಾ.”

ಅಂದಿನಿಂದ ಆ ಹೆಸರಿಗೆ ನಗುತ್ತಲೇ ಓಗೊಡುತ್ತಿದ್ದಳು. ಒಂದು ದಿನ ಹೊಸದಾಗಿ ಬಂದ ಟೀಚರು ಅದನ್ನು ಕೇಳಿಸಿಕೊಂಡು, ಹಾಗೆ ಕರೆದ ಹುಡುಗಿಯನ್ನು ತಂಗೆವ್ವನ ಎದುರೇ ಗದರಿದರು.

“ಸ್ಕೇರಿ ಅಂದ್ರ ನೋಡಿದ್ರ ಹೆದರಿಕಿ ಆಗೋರು ಅಂತ. ಹಂಗ ಅನಬಾರದು!”

ತಂಗೆವ್ವ ಸೆರಗೆಳೆದು ಸುಟ್ಟ ಕೆನ್ನೆಯನ್ನು ಮುಚ್ಚಿಕೊಂಡಳು. ಆದರೆ ತನಗೆ ನೋವಾಗದಿರಲೆಂದು ಸುಳ್ಳು ಹೇಳಿದ ಮಗಳನ್ನು ನೆನೆದು ಮರುಗಳಿಗೆಯೇ ಅಕ್ಕರೆ ಉಕ್ಕಿತು.

“ಅಳಬ್ಯಾಡ, ಬಿಡವಾ” ಎಂದು ಹುಡುಗಿಯ ಕಣ್ಣೊರೆಸಿದಳು.

ಹುಡುಗಿ ಬಿಕ್ಕುತ್ತ ಹೇಳಿದಳು: “ಆ ಹೆಸರು ನಾ ಇಟ್ಟಿದ್ದಲ್ರಿ ಆಂಟಿ. ನಿಮ್ಮ ಮಗಳೇ ನಮಗೆಲ್ಲಾ ಹೇಳಿಕೊಟ್ಟಾಳ್ರಿ.”